ಮೊಬೈಲ್ ಮಾತಾಡುತ್ತದೆ, ತಾಯಿಯ ಮಾತಿಗೆ ಕಿವಿಗೊಡುವವರು ಯಾರು?

ಬಡ ತಾಯಂದಿರಿಗಾಗಿ ಹೊಸ ಮೊಬೈಲ್ ಆ್ಯಪ್ ಬಿಡುಗಡೆಯಾಯಿತು ಎಂಬ ಸುದ್ದಿ ಈಗ ಯಾರಿಗೂ ಹೊಸತಲ್ಲ. ವೇದಿಕೆಯ ಮೇಲೆ ಗಣ್ಯರು ಗುಂಡಿ ಒತ್ತುತ್ತಾರೆ. ಪರದೆಯ ಮೇಲೆ ಗರ್ಭಿಣಿಯೊಬ್ಬಳ ನಗುಮುಖ ಮೂಡುತ್ತದೆ. ತಾಯಿ ಮಗುವಿನ ಆರೋಗ್ಯ ಇನ್ನು ಬೆರಳ ತುದಿಯಲ್ಲಿದೆ ಎಂದು ಮರುದಿನದ ಪತ್ರಿಕೆಗಳು ಬರೆಯುತ್ತವೆ. ಆದರೆ ಒಂದು ವರ್ಷ ಕಳೆದ ಮೇಲೆ ಆ ಆ್ಯಪ್‌ನಿಂದ ಎಷ್ಟು ತಾಯಂದಿರ ಜೀವ ಉಳಿಯಿತು ಎಂದು ಕೇಳುವವರು ವಿರಳ. ಇಂದು ನಾವು ಆ ಪ್ರಶ್ನೆಯನ್ನು ಕೇಳಬಯಸುತ್ತೇವೆ. ತಂತ್ರಜ್ಞಾನವನ್ನು ಹಳಿಯುವ ಉದ್ದೇಶ ನಮಗಿಲ್ಲ. ಅದರಿಂದ ಏನಾಗಿದೆ, ಏನಾಗಿಲ್ಲ ಎಂಬುದನ್ನು ಲೆಕ್ಕ ಹಾಕಿ ನೋಡುವ ಕಾಲ ಬಂದಿದೆ ಎಂಬುದಷ್ಟೇ ನಮ್ಮ ಅಭಿಪ್ರಾಯ.

ಮೊದಲು ಅಂಕಿಅಂಶಗಳನ್ನು ಗಮನಿಸೋಣ. 2004-06ರ ಅವಧಿಯಲ್ಲಿ ಭಾರತದಲ್ಲಿ ಪ್ರತಿ ಒಂದು ಲಕ್ಷ ಸಜೀವ ಜನನಕ್ಕೆ 254 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಈ ಸಂಖ್ಯೆ 97ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಕರ್ನಾಟಕದ ಸಂಖ್ಯೆ 213ರಿಂದ 69ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಊರೂರು ಅಲೆದ ದಾದಿಯರ, ಆಶಾ ಕಾರ್ಯಕರ್ತೆಯರ, ಸರಕಾರಿ ವೈದ್ಯರ ಬೆವರು ಇದರ ಹಿಂದಿದೆ. ಆದರೆ 2018-20ರಲ್ಲಿ ನೆರೆಯ ಕೇರಳದ ಸಂಖ್ಯೆ 19 ಮಾತ್ರ. ಒಂದೇ ಕಡಲ ತೀರದ ಎರಡು ರಾಜ್ಯಗಳ ನಡುವೆ ಇಷ್ಟು ಅಂತರ ಏಕೆ?

ಹೆರಿಗೆ ಮನೆಯಲ್ಲೇ ಆಗುತ್ತದೆ ಎಂಬ ಹಳೆಯ ಉತ್ತರ ಈಗ ಸಲ್ಲದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇಕಡಾ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಅಂದರೆ ಆಸ್ಪತ್ರೆಯ ಮೆಟ್ಟಿಲು ಹತ್ತಿದ ತಾಯಂದಿರೂ ಸಾಯುತ್ತಿದ್ದಾರೆ. ಹೆರಿಗೆಯ ನಂತರ ನಿಲ್ಲದ ರಕ್ತಸ್ರಾವ, ಏರಿದ ರಕ್ತದೊತ್ತಡ ಮತ್ತು ಅದರಿಂದ ಬರುವ ಫಿಟ್ಸ್, ಸೋಂಕು ಇವೇ ಮುಖ್ಯ ಕಾರಣಗಳು. ಇವುಗಳಿಗೆ ರಕ್ತಹೀನತೆ ಸೇರಿದರೆ ಅಪಾಯ ಇಮ್ಮಡಿಸುತ್ತದೆ. ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು ಅದೇ ಸಮೀಕ್ಷೆ ಹೇಳಿದೆ.

ಮೂರು ವಿಳಂಬಗಳು

ತಾಯಂದಿರ ಸಾವಿನ ಹಿಂದೆ ಮೂರು ಬಗೆಯ ವಿಳಂಬಗಳಿವೆ ಎಂದು ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಸಂಶೋಧಕಿಯರು 1994ರಲ್ಲಿ ತೋರಿಸಿಕೊಟ್ಟರು. ಅಪಾಯವನ್ನು ಗುರುತಿಸಿ ಆಸ್ಪತ್ರೆಗೆ ಹೋಗಲು ನಿರ್ಧರಿಸುವಲ್ಲಿ ಆಗುವ ವಿಳಂಬ ಮೊದಲನೆಯದು. ದಾರಿಯಲ್ಲಿ ಆಗುವ ವಿಳಂಬ ಎರಡನೆಯದು. ಆಸ್ಪತ್ರೆ ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವಲ್ಲಿನ ವಿಳಂಬ ಮೂರನೆಯದು. ವೈದ್ಯಕೀಯ ವಲಯದಲ್ಲಿ ಇಂದಿಗೂ ಇದೇ ಲೆಕ್ಕಾಚಾರ ಬಳಕೆಯಲ್ಲಿದೆ. ನಾವೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಮೊಬೈಲ್ ಯಾವ ವಿಳಂಬವನ್ನು ತಗ್ಗಿಸಬಲ್ಲದು ಎಂದು ನೋಡೋಣ.

ಮೊದಲನೆಯ ವಿಳಂಬಕ್ಕೆ ಮದ್ದಾಗಿ ಭಾರತ ಸರಕಾರ 2016ರ ಜನವರಿಯಲ್ಲಿ ‘ಕಿಲ್ಕಾರಿ’ ಎಂಬ ಸೇವೆಯನ್ನು ರಾಷ್ಟ್ರಮಟ್ಟದಲ್ಲಿ ಆರಂಭಿಸಿತು. ಕಿಲ್ಕಾರಿ ಎಂದರೆ ಹಿಂದಿಯಲ್ಲಿ ಮಗುವಿನ ಕೇಕೆ. ಇದಕ್ಕೂ ಮೊದಲು ಬಿಹಾರದಲ್ಲಿ ಇದರ ಪ್ರಯೋಗ ನಡೆದಿತ್ತು. ಗರ್ಭದ ನಾಲ್ಕನೆಯ ತಿಂಗಳಿನಿಂದ ಮಗುವಿಗೆ ಒಂದು ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಕರೆಗಳು ಮನೆಯ ಫೋನಿಗೆ ಬರುತ್ತವೆ. ಕರೆ ಉಚಿತ. ಡಾಕ್ಟರ್ ಅನಿತಾ ಎಂಬ ಕಾಲ್ಪನಿಕ ವೈದ್ಯೆಯ ಧ್ವನಿ ಆಯಾ ವಾರಕ್ಕೆ ತಕ್ಕ ಮಾತನ್ನು ಹೇಳುತ್ತದೆ. ಇದಕ್ಕೆ ಓದು ಬರಹ ಬೇಕಿಲ್ಲ, ದುಬಾರಿ ಫೋನ್ ಬೇಕಿಲ್ಲ, ಇಂಟರ್ನೆಟ್ಟೂ ಬೇಕಿಲ್ಲ. ಬಡವರ ಮನೆಗೆ ಆ್ಯಪ್‌ಗಿಂತ ಇದೇ ಹೆಚ್ಚು ಹೊಂದುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ.

ಫಲಿತಾಂಶ ಏನು? 2018ರಿಂದ 2020ರವರೆಗೆ ಮಧ್ಯಪ್ರದೇಶದ ನಾಲ್ಕು ಜಿಲ್ಲೆಗಳಲ್ಲಿ ಸುಮಾರು ಐದು ಸಾವಿರ ಮಹಿಳೆಯರ ಮೇಲೆ ಅಧ್ಯಯನ ನಡೆಯಿತು. ಕರೆ ಬಂದ ತಾಯಂದಿರಿಗೂ ಬಾರದವರಿಗೂ ನಡುವೆ ಎದೆಹಾಲು ಮಾತ್ರ ನೀಡುವ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕುಟುಂಬ ಯೋಜನಾ ವಿಧಾನಗಳ ಬಳಕೆಯಲ್ಲಿ ಮಾತ್ರ ಸಣ್ಣ ಏರಿಕೆ ಕಂಡಿತು. ಲಕ್ಷಾಂತರ ಮನೆಗಳಿಗೆ ಕಡಿಮೆ ಖರ್ಚಿನಲ್ಲಿ ತಲುಪುವ ಸೇವೆಯಾದ್ದರಿಂದ ಸಣ್ಣ ಲಾಭವೂ ಲಾಭವೇ. ಆದರೆ ಮಾತು ಕೇಳಿಸಿದ ಮಾತ್ರಕ್ಕೆ ಬದುಕು ಬದಲಾಗುವುದಿಲ್ಲ ಎಂಬ ಪಾಠವೂ ಅದರಲ್ಲಿದೆ. ಹಸಿರು ಸೊಪ್ಪು, ಮೊಟ್ಟೆ, ಹಾಲು ಸೇವಿಸಿ ಎಂದು ಫೋನ್ ಹೇಳಬಹುದು. ಅವನ್ನು ತರುವ ದುಡ್ಡು ಫೋನಿನಲ್ಲಿ ಬರುವುದಿಲ್ಲ. ಭಾರ ಎತ್ತಬೇಡಿ ಎಂದು ಫೋನ್ ಹೇಳಬಹುದು. ಮೀನಿನ ಬುಟ್ಟಿ ಹೊತ್ತರೆ ಮಾತ್ರ ಸಂಜೆಯ ಗಂಜಿ ಎನ್ನುವ ಮನೆಯಲ್ಲಿ ಆ ಮಾತಿಗೆ ಬೆಲೆ ಎಷ್ಟು?

ಇನ್ನೊಂದು ಪ್ರಶ್ನೆಯೂ ಇದೆ. ಫೋನ್ ಯಾರ ಕೈಯಲ್ಲಿದೆ? ತಾನೇ ಬಳಸುವ ಮೊಬೈಲ್ ಹೊಂದಿರುವ ಮಹಿಳೆಯರ ಪ್ರಮಾಣ ದೇಶದಲ್ಲಿ ಸುಮಾರು ಶೇಕಡಾ 54 ಎಂದು 2019-21ರ ಸಮೀಕ್ಷೆ ತಿಳಿಸಿದೆ. ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಮಹಿಳೆಯರು ಮೂವರಲ್ಲಿ ಒಬ್ಬರು ಮಾತ್ರ. ಅಲ್ಲಿಂದೀಚೆಗೆ ಫೋನುಗಳು ಹೆಚ್ಚಿವೆ ನಿಜ. ಆದರೂ ಒಂದೇ ಫೋನ್ ಇರುವ ಮನೆಯಲ್ಲಿ ಅದು ಗಂಡನ ಜೇಬಿನಲ್ಲಿರುತ್ತದೆ. ಅವನು ದೋಣಿಯಲ್ಲಿದ್ದರೆ ಫೋನೂ ಕಡಲಿನಲ್ಲಿರುತ್ತದೆ. ಹೆಂಡತಿಗಾಗಿ ಬಂದ ಕರೆ ಅಲ್ಲಿ ರಿಂಗಾಗಿ ಸುಮ್ಮನಾಗುತ್ತದೆ.

ಮುಂಬಯಿ ಮತ್ತು ಜಾಂಜಿಬಾರ್ ಹೇಳುವ ಪಾಠ

ಮುಂಬಯಿಯಲ್ಲಿ ಡಾ. ಅಪರ್ಣಾ ಹೆಗ್ಡೆಯವರು 2008ರಲ್ಲಿ ಸ್ಥಾಪಿಸಿದ ಅರ್ಮಾನ್ ಎಂಬ ಸಂಸ್ಥೆ ಕೊಳೆಗೇರಿಗಳ ತಾಯಂದಿರಿಗಾಗಿ ‘ಎಂ-ಮಿತ್ರ’ ಎಂಬ ಧ್ವನಿ ಕರೆಯ ಸೇವೆಯನ್ನು ನಡೆಸುತ್ತದೆ. ಕಾಲ ಕಳೆದಂತೆ ಅನೇಕರು ಕರೆ ಕೇಳುವುದನ್ನು ಬಿಟ್ಟುಬಿಡುತ್ತಿದ್ದರು. ಯಾರು ಬಿಟ್ಟುಬಿಡುವ ಸಾಧ್ಯತೆ ಹೆಚ್ಚು ಎಂಬುದನ್ನು ಊಹಿಸಲು ಗೂಗಲ್‌ನ ಸಂಶೋಧಕರು ಕೃತಕ ಬುದ್ಧಿಮತ್ತೆಯ ನೆರವು ಒದಗಿಸಿದರು. 2021ರಲ್ಲಿ ಸುಮಾರು 23 ಸಾವಿರ ಮಹಿಳೆಯರೊಂದಿಗೆ ನಡೆಸಿದ ಪ್ರಯೋಗದಲ್ಲಿ ಹೀಗೆ ಬಿಟ್ಟುಹೋಗುವುದು ಸುಮಾರು ಶೇಕಡಾ 30ರಷ್ಟು ತಗ್ಗಿತು. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಯಂತ್ರ ಮಾಡಿದ್ದು ಹೆಸರುಗಳನ್ನು ಆರಿಸಿಕೊಟ್ಟ ಕೆಲಸ ಮಾತ್ರ. ಆ ಹೆಸರುಗಳಿಗೆ ಫೋನ್ ಮಾಡಿ, ಏಕಮ್ಮಾ ಕೇಳುತ್ತಿಲ್ಲ, ಏನು ತೊಂದರೆ ಎಂದು ವಿಚಾರಿಸಿದವರು ಮನುಷ್ಯರು.

ಆಫ್ರಿಕಾದ ಜಾಂಜಿಬಾರ್ ದ್ವೀಪದ ಅನುಭವ ಇದಕ್ಕಿಂತ ಸ್ಪಷ್ಟವಾಗಿದೆ. 2009-10ರಲ್ಲಿ ಅಲ್ಲಿನ 24 ಆರೋಗ್ಯ ಕೇಂದ್ರಗಳ 2,550 ಗರ್ಭಿಣಿಯರನ್ನು ಒಳಗೊಂಡ ಪ್ರಯೋಗ ನಡೆಯಿತು. ಅರ್ಧದಷ್ಟು ಕೇಂದ್ರಗಳ ತಾಯಂದಿರಿಗೆ ಎಸ್ಸೆಮ್ಮೆಸ್ ಸಂದೇಶಗಳ ಜೊತೆಗೆ ಫೋನ್ ಕರೆಗೆ ಬೇಕಾದ ಹಣದ ಚೀಟಿಯನ್ನೂ ಕೊಡಲಾಯಿತು. ತೊಂದರೆಯಾದಾಗ ಆಕೆಯೇ ಹೆರಿಗೆ ದಾದಿಗೆ ಕರೆ ಮಾಡಬಹುದಾಗಿತ್ತು. ಈ ಗುಂಪಿನಲ್ಲಿ ಶೇಕಡಾ 60ರಷ್ಟು ತಾಯಂದಿರು ತರಬೇತಿ ಪಡೆದವರ ಕೈಯಲ್ಲಿ ಹೆರಿಗೆ ಮಾಡಿಸಿಕೊಂಡರು. ಇನ್ನೊಂದು ಗುಂಪಿನಲ್ಲಿ ಇದು ಶೇಕಡಾ 47. ವ್ಯತ್ಯಾಸ ದೊಡ್ಡದೇ. ಆದರೆ ಈ ಲಾಭ ಪಟ್ಟಣದ ಮಹಿಳೆಯರಿಗೆ ಸಿಕ್ಕಿತು. ಹಳ್ಳಿಯ ಮಹಿಳೆಯರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ದಕ್ಷಿಣ ಆಫ್ರಿಕಾ ಸರಕಾರ 2014ರ ಆಗಸ್ಟ್‌ನಲ್ಲಿ ‘ಮಾಮ್ ಕನೆಕ್ಟ್’ ಆರಂಭಿಸಿದಾಗ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ದೇಶದ 11 ಭಾಷೆಗಳಲ್ಲಿ ಸಂದೇಶಗಳು ಹೋಗುತ್ತಿದ್ದವು. ಅದರ ಜೊತೆಗೆ, ತಾಯಿಯೇ ಪ್ರಶ್ನೆ ಕೇಳಬಹುದಾಗಿತ್ತು. ಕ್ಲಿನಿಕ್‌ನಲ್ಲಿ ಔಷಧಿ ಇಲ್ಲ, ದಾದಿ ಬೈದರು, ಗಂಟೆಗಟ್ಟಲೆ ಕಾಯಿಸಿದರು ಎಂದು ದೂರನ್ನೂ ಕೊಡಬಹುದಾಗಿತ್ತು. ಉತ್ತರಿಸಲು ಸಿಬ್ಬಂದಿ ಇದ್ದರು. ಮೊದಲ ಮೂರು ವರ್ಷಗಳಲ್ಲೇ 15 ಲಕ್ಷಕ್ಕೂ ಹೆಚ್ಚು ತಾಯಂದಿರು ಇದರಲ್ಲಿ ಹೆಸರು ನೋಂದಾಯಿಸಿದರು. ಬಡ ಹೆಂಗಸಿನ ದೂರಿಗೆ ಸರಕಾರಿ ವ್ಯವಸ್ಥೆಯಲ್ಲಿ ಒಂದು ಬಾಗಿಲು ತೆರೆದದ್ದು ಇದರ ದೊಡ್ಡ ಗುಣ ಎಂದು ನಾವು ಭಾವಿಸುತ್ತೇವೆ.

ನಮ್ಮದೇ ಬೆಳಗಾವಿಯ ಉದಾಹರಣೆ

ದೂರದ ಉದಾಹರಣೆಗಳು ಸಾಕು. ನಮ್ಮ ರಾಜ್ಯದಲ್ಲೇ ಇಂಥ ಒಂದು ಮಹತ್ವದ ಪ್ರಯೋಗ ನಡೆದಿರುವುದು ಬಹಳ ಮಂದಿಗೆ ತಿಳಿದಿಲ್ಲ. 2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ 12 ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 14 ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಒಳಗೊಂಡು ಈ ಪ್ರಯೋಗ ನಡೆಯಿತು. ಅರ್ಧದಷ್ಟು ಕಡೆ ಆಶಾ ಕಾರ್ಯಕರ್ತೆಯರು ಮತ್ತು ಆರೋಗ್ಯ ಸಹಾಯಕಿಯರು ಒಂದು ಮೊಬೈಲ್ ಆ್ಯಪ್ ಹಿಡಿದು ಮನೆಮನೆಗೆ ಹೋದರು. ರಕ್ತದೊತ್ತಡ ಅಳೆದು, ಲಕ್ಷಣಗಳನ್ನು ಕೇಳಿ ಆ್ಯಪ್‌ನಲ್ಲಿ ತುಂಬಿಸಿದರೆ ಅಪಾಯ ಎಷ್ಟು, ಈಗಲೇ ಆಸ್ಪತ್ರೆಗೆ ಕಳುಹಿಸಬೇಕೇ ಎಂಬುದನ್ನು ಅದು ತಿಳಿಸುತ್ತಿತ್ತು. ಅಗತ್ಯವಿದ್ದವರಿಗೆ ಮೊದಲ ಔಷಧಿಯನ್ನು ಊರಿನಲ್ಲೇ ಕೊಟ್ಟು ಕಳುಹಿಸಲು ಅವಕಾಶವಿತ್ತು. ಪಾಕಿಸ್ತಾನದ ಸಿಂಧ್ ಮತ್ತು ಆಫ್ರಿಕಾದ ಮೊಜಾಂಬಿಕ್‌ನಲ್ಲೂ ಇದೇ ಪ್ರಯೋಗ ನಡೆಯಿತು.

2020ರಲ್ಲಿ ಫಲಿತಾಂಶ ಪ್ರಕಟವಾದಾಗ ನಿರೀಕ್ಷೆ ಇಟ್ಟವರಿಗೆ ನಿರಾಶೆಯಾಯಿತು. ಒಟ್ಟಾರೆ ನೋಡಿದರೆ ಆ್ಯಪ್ ಇದ್ದ ಕಡೆಗೂ ಇಲ್ಲದ ಕಡೆಗೂ ತಾಯಿ ಮಗುವಿನ ಸಾವು ನೋವಿನಲ್ಲಿ ವ್ಯತ್ಯಾಸ ಇರಲಿಲ್ಲ. ಆದರೆ ಸಂಶೋಧಕರು ಇನ್ನೂ ಒಳಹೊಕ್ಕು ನೋಡಿದರು. ಯಾವ ಗರ್ಭಿಣಿಯರ ಮನೆಗೆ ಕಾರ್ಯಕರ್ತೆ ಎಂಟು ಅಥವಾ ಅದಕ್ಕೂ ಹೆಚ್ಚು ಸಲ ಹೋಗಿದ್ದಳೋ ಅಲ್ಲಿ ಮಕ್ಕಳು ಹೊಟ್ಟೆಯಲ್ಲೇ ಸಾಯುವುದು ಕಡಿಮೆಯಾಗಿತ್ತು. ಹೆಚ್ಚು ಭೇಟಿ ಪಡೆದವರು ಮೊದಲೇ ಅನುಕೂಲ ಉಳ್ಳವರಾಗಿರಬಹುದು. ಆದ್ದರಿಂದ ಇದನ್ನು ಕೊನೆಯ ಮಾತು ಎನ್ನಲಾಗದು. ಆದರೂ ಅದು ತೋರಿಸುವ ದಿಕ್ಕು ಸ್ಪಷ್ಟ. ಬರೀ ಆ್ಯಪ್ ಇದ್ದರೆ ಸಾಲದು, ಅದನ್ನು ಹಿಡಿದ ಹೆಣ್ಣುಮಗಳು ಮತ್ತೆ ಮತ್ತೆ ಅದೇ ಹೊಸ್ತಿಲಿಗೆ ಬರಬೇಕು. ಅವಳಿಗೆ ಅಷ್ಟು ಸಮಯ ಬೇಕು, ಅದಕ್ಕೆ ತಕ್ಕ ಸಂಬಳ ಬೇಕು.

ಆದರೆ ನಡೆಯುತ್ತಿರುವುದೇನು?

ಇಲ್ಲಿಯೇ ನಮ್ಮ ಚಿಂತೆ ಆರಂಭವಾಗುವುದು. ಆರೋಗ್ಯ ಕಾರ್ಯಕರ್ತೆಯ ಕೈಗೆ ಕೊಟ್ಟ ಮೊಬೈಲ್ ತಾಯಿಯ ಹತ್ತಿರ ಹೋಗಲು ನೆರವಾಗುವ ಬದಲು ಆಕೆಯನ್ನು ಲೆಕ್ಕ ಬರೆಯುವ ಗುಮಾಸ್ತೆಯನ್ನಾಗಿ ಮಾಡುತ್ತಿದೆ. ಅಂಗನವಾಡಿಗಳಿಗಾಗಿ ಕೇಂದ್ರ ಸರಕಾರ 2021ರಲ್ಲಿ ‘ಪೋಷಣ್ ಟ್ರ್ಯಾಕರ್’ ಆ್ಯಪ್ ತಂದಿತು. ಅದೇ ವರ್ಷ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ಸರಕಾರ ಕೊಟ್ಟ ಕಳಪೆ ಫೋನುಗಳನ್ನೇ ಹಿಂದಿರುಗಿಸಿ ಪ್ರತಿಭಟಿಸಿದರು. 2025ರ ಜುಲೈಯಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೆ ಮುಖ ಗುರುತಿಸುವ ವ್ಯವಸ್ಥೆ ಕಡ್ಡಾಯವಾಯಿತು. ಬಾಣಂತಿಯ ಮುಖ ಕ್ಯಾಮೆರಾಕ್ಕೆ ಸರಿಹೊಂದಬೇಕು, ಫೋನಿಗೆ ಸಂಖ್ಯೆ ಬರಬೇಕು, ನೆಟ್‌ವರ್ಕ್ ಇರಬೇಕು. ಘಟ್ಟದ ಅಂಚಿನ ಊರುಗಳಲ್ಲಿ ಮಳೆಗಾಲದ ನೆಟ್‌ವರ್ಕ್ ಹೇಗಿರುತ್ತದೆ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಕಳ್ಳ ಲೆಕ್ಕ ತಡೆಯಬೇಕು ಎಂಬ ಉದ್ದೇಶ ಸರಿ. ಆದರೆ ಯಂತ್ರ ಒಪ್ಪದ ಮುಖದ ತಾಯಿಯ ಪಾಲಿನ ಆಹಾರಕ್ಕೆ ಜವಾಬ್ದಾರರು ಯಾರು?

2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲಿರುಳು ಧರಣಿ ಕುಳಿತರು. ತಿಂಗಳಿಗೆ 15 ಸಾವಿರ ರೂಪಾಯಿ ನಿಶ್ಚಿತ ಗೌರವಧನ ಅವರ ಮುಖ್ಯ ಬೇಡಿಕೆಯಾಗಿತ್ತು. ಅದರ ಜೊತೆಗೆ ಇನ್ನೊಂದು ದೂರೂ ಇತ್ತು. ತಾಯಿ ಮಗುವಿನ ವಿವರ ತುಂಬುವ ಪೋರ್ಟಲ್‌ನಲ್ಲಿ ದಾಖಲಾಗದ ಕೆಲಸಕ್ಕೆ ತಮಗೆ ಹಣ ಸಿಗುತ್ತಿಲ್ಲ ಎಂಬುದೇ ಆ ದೂರು. ರಾತ್ರಿ ಎರಡು ಗಂಟೆಗೆ ಗರ್ಭಿಣಿಯೊಡನೆ ಆಸ್ಪತ್ರೆಗೆ ಓಡಿದ ಶ್ರಮ ಕಂಪ್ಯೂಟರಿನಲ್ಲಿ ಕಾಣದಿದ್ದರೆ ಅದು ನಡೆದೇ ಇಲ್ಲ ಎಂಬಂತಾಯಿತು.

ದಾಖಲೆ ಮನುಷ್ಯರಿಗಿಂತ ದೊಡ್ಡದಾದರೆ ಏನಾಗುತ್ತದೆ ಎಂಬುದಕ್ಕೆ 2022ರ ನವೆಂಬರ್ ತಿಂಗಳ ತುಮಕೂರಿನ ಘಟನೆ ಸಾಕ್ಷಿ. ಹೆರಿಗೆ ನೋವಿನಿಂದ ಬಂದ ಬಡ ಮಹಿಳೆಯೊಬ್ಬರನ್ನು ತಾಯಿ ಕಾರ್ಡ್ ಮತ್ತು ಆಧಾರ್ ಇಲ್ಲವೆಂದು ಜಿಲ್ಲಾ ಆಸ್ಪತ್ರೆಯಲ್ಲಿ ದಾಖಲಿಸಿಕೊಳ್ಳದೆ ಕಳುಹಿಸಲಾಯಿತು ಎಂಬ ದೂರು ಬಂತು. ಮನೆಯಲ್ಲಿ ಆಕೆಯೂ ಆಕೆಯ ಅವಳಿ ಶಿಶುಗಳೂ ಪ್ರಾಣ ಬಿಟ್ಟರು. ಸಿಬ್ಬಂದಿಯ ಅಮಾನತೂ ಆಯಿತು. ತಾಯಿ ಕಾರ್ಡ್ ಹುಟ್ಟಿದ್ದೇ ತಾಯಿಯ ರಕ್ಷಣೆಗಾಗಿ. ಅದೇ ಬಾಗಿಲಿಗೆ ಅಡ್ಡವಾಯಿತು. ನಾಳೆ ಆ್ಯಪ್‌ನಲ್ಲಿ ನಿಮ್ಮ ಹೆಸರಿಲ್ಲ ಎಂಬ ಮಾತು ಯಾವ ಆಸ್ಪತ್ರೆಯ ಬಾಗಿಲಲ್ಲೂ ಕೇಳಿಬರಬಾರದು.

ರಸ್ತೆ ಮತ್ತು ವಾರ್ಡು

ಇನ್ನು ಎರಡನೆಯ ಮತ್ತು ಮೂರನೆಯ ವಿಳಂಬದ ಮಾತು. ಉತ್ತರ ಕನ್ನಡದ ಜನ ದೊಡ್ಡ ಚಿಕಿತ್ಸೆಗಾಗಿ ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಓಡಬೇಕಾದ ಸ್ಥಿತಿ ನಮ್ಮ ಕಣ್ಣ ಮುಂದಿದೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ತರುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಮಗುಚಿ ನಾಲ್ವರು ಸತ್ತರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಮತ್ತೆ ಎದ್ದಿತು. 2008ರಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ಅಸಂಖ್ಯ ತಾಯಂದಿರನ್ನು ಉಳಿಸಿದೆ. ಆದರೂ 2022ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ದೋಷದಿಂದ ಅದರ ಕರೆ ವ್ಯವಸ್ಥೆ ಕೆಟ್ಟಾಗ ರಾಜ್ಯದಾದ್ಯಂತ ಜನ ಪರದಾಡಿದರು. ಗರ್ಭಿಣಿಗೆ ಆ್ಯಪ್ ಅಪಾಯದ ಸೂಚನೆ ಕೊಡಬಹುದು. ದಾರಿ ಅದೇ ಇದೆ, ದೂರವೂ ಅಷ್ಟೇ ಇದೆ.

ಆಸ್ಪತ್ರೆಯ ಒಳಗಿನ ಕಥೆಯೂ ಹೀಗೆಯೇ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯಾದ ತಾಯಂದಿರು ಒಬ್ಬರ ಹಿಂದೆ ಒಬ್ಬರಂತೆ ಅಸ್ವಸ್ಥರಾಗಿ ಐವರು ಪ್ರಾಣ ಕಳೆದುಕೊಂಡರು. ನರಕ್ಕೆ ಏರಿಸಿದ ಗ್ಲೂಕೋಸ್ ಮಾದರಿಯ ದ್ರಾವಣದ ಗುಣಮಟ್ಟದ ಮೇಲೆಯೇ ಸಂಶಯ ಬಿತ್ತು. ಆ ತಾಯಂದಿರು ಸರಿಯಾದ ಸಮಯಕ್ಕೆ ಸರಿಯಾದ ಜಾಗಕ್ಕೆ ಬಂದಿದ್ದರು. ಅವರ ಕಡೆಯಿಂದ ಯಾವ ತಪ್ಪೂ ಇರಲಿಲ್ಲ. ಇಂಥ ಸಾವನ್ನು ತಾಯಿಯ ಫೋನಿಗೆ ಕಳುಹಿಸುವ ಯಾವ ಸಂದೇಶವೂ ತಡೆಯಲಾರದು. ಕೇರಳದಲ್ಲಿ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ಪ್ರತಿ ತಾಯಿಯ ಸಾವನ್ನೂ ಗೌಪ್ಯವಾಗಿ, ಯಾರನ್ನೂ ಕಟಕಟೆಗೆ ನಿಲ್ಲಿಸದೆ ಪರಿಶೀಲಿಸಿ, ಆದ ತಪ್ಪು ಮರುಕಳಿಸದಂತೆ ಪಾಠ ಕಲಿಯುತ್ತ ಬಂದಿದೆ. 69ಕ್ಕೂ 19ಕ್ಕೂ ಇರುವ ಅಂತರದಲ್ಲಿ ಇಂಥ ಶ್ರದ್ಧೆಯ ಪಾಲೂ ಇದೆ ಎಂದು ನಾವು ನಂಬುತ್ತೇವೆ.

ಹಾಗಾದರೆ ಆ್ಯಪ್ ಬೇಡವೇ? ಬೇಕು. ಆದರೆ ಮುಂದಿನ ಸಲ ಹೊಸ ಆ್ಯಪ್ ಬಿಡುಗಡೆಯಾದಾಗ ನಾವೆಲ್ಲರೂ ಒಂದು ಪ್ರಶ್ನೆ ಕೇಳೋಣ. ರಾತ್ರಿ ಎರಡು ಗಂಟೆಗೆ ತಲೆನೋವಿನಿಂದ ಒದ್ದಾಡುವ ಎಂಟು ತಿಂಗಳ ಗರ್ಭಿಣಿ ಇದರ ಮೂಲಕ ಕರೆ ಮಾಡಿದರೆ ಆ ಕಡೆಯಿಂದ ಹಲೋ ಎನ್ನುವವರು ಯಾರು? ಉತ್ತರ ಇದ್ದರೆ ಆ ಆ್ಯಪ್ ಶ್ಲಾಘನೀಯ. ಉತ್ತರ ಇಲ್ಲದಿದ್ದರೆ ಅದು ಇನ್ನೊಂದು ಜಾಹೀರಾತು. ಸರಕಾರ ಆ್ಯಪ್‌ಗೆ ಕೊಡುವ ಹಣದ ಜೊತೆಗೆ ಫೋನ್ ಎತ್ತುವ ದಾದಿಗೂ, ಮನೆಗೆ ಹೋಗುವ ಆಶಾ ಕಾರ್ಯಕರ್ತೆಗೂ ಹಣ ಮೀಸಲಿಡಲಿ. ಕನ್ನಡದಲ್ಲೂ, ಕರಾವಳಿಯ ತುಳು, ಕೊಂಕಣಿ, ಬ್ಯಾರಿ ಮಾತುಗಳಲ್ಲೂ ಆಕೆ ತನ್ನ ನೋವನ್ನು ಹೇಳಿಕೊಳ್ಳುವಂತಾಗಲಿ.

ನಮ್ಮ ಮನೆಗಳಲ್ಲೂ ಆಗಬೇಕಾದ ಕೆಲಸ ಇದೆ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು, ರಕ್ತ ಹೋಗುವುದು, ಜ್ವರ, ಹೊಟ್ಟೆಯ ಮಗುವಿನ ಅಲುಗಾಟ ಕಡಿಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಇದನ್ನು ಅತ್ತೆ, ಗಂಡ, ಮೈದುನ ಎಲ್ಲರೂ ತಿಳಿದಿರಬೇಕು. ಗರ್ಭಿಣಿ ಇರುವ ಮನೆಯಲ್ಲಿ ಒಂದೇ ಫೋನ್ ಇದ್ದರೆ ಆ ಒಂಬತ್ತು ತಿಂಗಳು ಅದು ಆಕೆಯ ಬಳಿ ಇರಲಿ. ಆಶಾ ಕಾರ್ಯಕರ್ತೆಯ ನಂಬರ್ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ. ನೆರೆಮನೆಯಲ್ಲಿ ರಿಕ್ಷಾ ಇದ್ದವರು ರಾತ್ರಿಯ ಕರೆಗೆ ಎದ್ದು ಬರುತ್ತೇವೆ ಎಂದು ಮೊದಲೇ ಮಾತು ಕೊಡಲಿ. ಇದಕ್ಕೆ ಯಾವ ಆ್ಯಪ್ ಕೂಡ ಬೇಕಿಲ್ಲ. ಇಷ್ಟು ಸಿದ್ಧತೆ ಇರುವ ಮನೆಗೆ ಬಂದ ಆ್ಯಪ್ ಮಾತ್ರ ತಾಯಿಯ ಉಪಯೋಗಕ್ಕೆ ಬರುತ್ತದೆ.